ನೀರು ಯಾವ ಕಡೆ ಹೋಯ್ತು? ಸ್ಲಿಮ್ಸ್ ನದಿಯ ಜಾಡಿನಲ್ಲಿ ನಾಲ್ಕು ದಿನ

ಸೇತುವೆ ಮೇಲೆ ಕಾರು ನಿಲ್ಲಿಸಿದ್ದೆವು. ನಮ್ಮಣ್ಣ ಕಂಬಿ ಹಿಡಿದು ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಇಷ್ಟು ದೊಡ್ಡ ಸೇತುವೆ ಕಟ್ಟಿದ್ದಾರೆ. ನೀರೆಲ್ಲಮ್ಮ?"

ಅದು 2019ರ ಜುಲೈ ತಿಂಗಳು. ನಾವಿರುವುದು ಕೆನಡಾದ ಯುಕಾನ್ ಪ್ರದೇಶದ ವೈಟ್‌ಹಾರ್ಸ್‌ನಲ್ಲಿ. ಅಣ್ಣ ಹಿರಿಯೂರು ತಾಲ್ಲೂಕಿನಲ್ಲಿ ತೆಂಗಿನ ತೋಟ ನೋಡಿಕೊಂಡಿರುವವನು. ಆ ವರ್ಷ ಮೊದಲ ಸಲ ವಿಮಾನ ಹತ್ತಿ ನಮ್ಮ ಮನೆಗೆ ಬಂದಿದ್ದ. ಊರು ತೋರಿಸೋಣ ಎಂದು ಅಲಾಸ್ಕಾ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಕರೆದುಕೊಂಡು ಹೋಗಿದ್ದೆವು. ಹೇನ್ಸ್ ಜಂಕ್ಷನ್ ದಾಟಿ ಸುಮಾರು 70 ಕಿಲೋಮೀಟರ್ ಹೋದರೆ ಕ್ಲುವಾನಿ ಸರೋವರದ ದಕ್ಷಿಣದ ತುದಿ ಸಿಗುತ್ತದೆ. ಪೂರ್ತಿಯಾಗಿ ಯುಕಾನ್ ಒಳಗೇ ಇರುವ ಸರೋವರಗಳಲ್ಲಿ ಇದೇ ದೊಡ್ಡದು. ಆ ತುದಿಯಲ್ಲಿ ಸರೋವರಕ್ಕೆ ಬಂದು ಸೇರುವ ನದಿಯೇ ಸ್ಲಿಮ್ಸ್. ಇಲ್ಲಿನ ಮೂಲನಿವಾಸಿಗಳ ದಕ್ಷಿಣ ಟುಚೋನಿ ಭಾಷೆಯಲ್ಲಿ ಅದರ ಹೆಸರು ಆಆಯ್ ಚು. ಚು ಅಂದರೆ ನೀರು.

ಸೇತುವೆಯ ಕೆಳಗೆ ಒಂದೆರಡು ಸಣ್ಣ ಕಾಲುವೆಯಷ್ಟು ನೀರು ಹರಿಯುತ್ತಿತ್ತು, ಅಷ್ಟೆ. ಉಳಿದದ್ದೆಲ್ಲ ಬೂದು ಬಣ್ಣದ ಕೆಸರು ಒಣಗಿ ಬಿರುಕು ಬಿಟ್ಟ ಬಯಲು. ದಕ್ಷಿಣಕ್ಕೆ ಕಣ್ಣು ಹಾಯುವವರೆಗೂ ಅದೇ. ಎರಡೂ ಕಡೆ ಬೆಟ್ಟಗಳ ಸಾಲು, ನಡುವೆ ಈ ಬರಿ ನೆಲ. ಗಾಳಿ ಬೀಸಿದಾಗ ಅಲ್ಲಿಂದ ಬಿಳಿ ಧೂಳು ಎದ್ದು ಹೆದ್ದಾರಿಯ ಮೇಲೆ ಬರುತ್ತಿತ್ತು.

ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಮೂರು ವರ್ಷದ ಹಿಂದೆ, 2016ರ ಮೇ ಕೊನೆಯಲ್ಲಿ, ನಾಲ್ಕೇ ದಿನದಲ್ಲಿ ಈ ನದಿ ಹೆಚ್ಚುಕಮ್ಮಿ ನಿಂತುಹೋಯಿತು. ಮೇಲೆ ಹಿಮನದಿ ಕರಗಿದ ನೀರು ಈ ಕಡೆ ಬರುವುದು ಬಿಟ್ಟು ಇನ್ನೊಂದು ಕಡೆ ತಿರುಗಿಕೊಂಡಿತು. ಅಣ್ಣ ತಲೆ ಆಡಿಸಿದ. ಆದರೆ ಅವನಿಗೆ ಸಮಾಧಾನ ಆಗಲಿಲ್ಲ. "ನೀರು ತಿರುಗಿತು ಅಂದ್ರೆ ಎಲ್ಲಿ ತಿರುಗಿತು? ಆ ಜಾಗ ನೋಡಬಹುದಾ?" ಎಂದ.

ನೋಡಬಹುದು. ಆದರೆ ರಸ್ತೆ ಇಲ್ಲ. ನಡೆದೇ ಹೋಗಬೇಕು.

ಅಣ್ಣ ಯಾಕೆ ಅಷ್ಟು ಹಟ ಹಿಡಿದ ಅನ್ನುವುದು ನನಗೆ ಗೊತ್ತು. ನಮ್ಮದು ವೇದಾವತಿ ದಡದ ಊರು. ಆ ವರ್ಷಗಳಲ್ಲಿ ವಾಣಿವಿಲಾಸ ಸಾಗರದಲ್ಲಿ ನೀರು ತಳ ಕಂಡಿತ್ತು. ಹಿರಿಯೂರು ಸುತ್ತ ತೆಂಗಿನ ತೋಟಗಳು ನಿಂತಲ್ಲೇ ಒಣಗುತ್ತಿದ್ದವು. ನಮ್ಮ ತೋಟದಲ್ಲೂ ಅಪ್ಪ ನೆಟ್ಟ ಮರಗಳು ಹೋದವು. ಒಣಗಿದ ಹೊಳೆ ಅಣ್ಣನಿಗೆ ಹೊಸದಲ್ಲ. ಆದರೆ ಅಲ್ಲಿ ಮಳೆ ಇಲ್ಲ, ಅದಕ್ಕೆ ನೀರಿಲ್ಲ. ಇಲ್ಲಿ ತಲೆಯ ಮೇಲೆ ಹಿಮದ ಬೆಟ್ಟಗಳೇ ಇವೆ, ಬೇಸಿಗೆಯಲ್ಲಿ ಕರಗುತ್ತಲೂ ಇವೆ, ಆದರೂ ಹೊಳೆ ಖಾಲಿ. ಇದು ಅವನ ತಲೆಗೆ ಹತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಓದಿ ಗೊತ್ತಿತ್ತೇ ಹೊರತು ಕಣ್ಣಿಗೆ ಕಟ್ಟಿರಲಿಲ್ಲ.

ಮನೆಗೆ ವಾಪಸ್ ಬಂದು ತಯಾರಿ ಶುರು ಮಾಡಿದೆವು. ನಾನು, ನಮ್ಮನೆಯವರು, ಅಣ್ಣ, ಮತ್ತೆ ಈ ದಾರಿಯಲ್ಲಿ ಮೊದಲೇ ಎರಡು ಸಲ ಹೋಗಿಬಂದಿದ್ದ ನಮ್ಮ ಪಕ್ಕದ ಮನೆಯ ಗೆಳತಿ. ಒಟ್ಟು ನಾಲ್ಕು ಜನ. ಇದು ಕ್ಲುವಾನಿ ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗ. ಗ್ರಿಜ್ಲಿ ಕರಡಿಗಳು ಜಾಸ್ತಿ. ನಾಲ್ಕು ಜನ ಒಟ್ಟಿಗೆ ಇದ್ದು ಮಾತಾಡಿಕೊಂಡು ಹೋದರೆ ಕರಡಿಗೆ ದೂರದಿಂದಲೇ ಗೊತ್ತಾಗುತ್ತದೆ, ಅದು ತಾನಾಗಿ ದಾರಿ ಬಿಡುತ್ತದೆ.

ಊಟದ ವಿಷಯದಲ್ಲಿ ಅಣ್ಣನದೇ ಯಜಮಾನಿಕೆ. ಹುರಿಹಿಟ್ಟು, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಒಣ ಕೊಬ್ಬರಿ. ಬಿಸಿನೀರು ಇದ್ದರೆ ಸಾಕು, ಅಡುಗೆ ಆಗಿಹೋಗುತ್ತದೆ. ಇಂಥ ನಡಿಗೆಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ತೂಕ ಕಡಿಮೆ, ವಾಸನೆ ಕಡಿಮೆ, ಹೊಟ್ಟೆ ತುಂಬುತ್ತದೆ.

ಹೊರಡುವ ದಿನ ಬೆಳಿಗ್ಗೆ ತಚಾಲ್ ಧಾಲ್ ಎಂಬ ಬೆಟ್ಟದ ಬುಡದಲ್ಲಿರುವ ಉದ್ಯಾನದ ಕೇಂದ್ರಕ್ಕೆ ಹೋದೆವು. ಆ ಬೆಟ್ಟದ ಮೇಲೆ ಬಿಳಿ ಡಾಲ್ ಕುರಿಗಳು ಮೇಯುತ್ತವೆ. ದೂರದರ್ಶಕದಲ್ಲಿ ನೋಡಿದರೆ ಬಂಡೆ ಮೇಲೆ ಸುಣ್ಣದ ಚುಕ್ಕೆ ಇಟ್ಟ ಹಾಗೆ ಕಾಣುತ್ತವೆ. ಒಳಗೆ ನಮ್ಮ ಹೆಸರು, ಟೆಂಟಿನ ಬಣ್ಣ, ಎಷ್ಟು ದಿನ, ಯಾವಾಗ ವಾಪಸ್, ಎಲ್ಲ ಬರೆಸಿಕೊಂಡರು. ವಾಪಸ್ ಬಂದ ಮೇಲೆ ಬಂದೆವು ಎಂದು ತಿಳಿಸಲೇಬೇಕು. ಇಲ್ಲದಿದ್ದರೆ ಹುಡುಕಲು ಹೊರಡುತ್ತಾರೆ.

ಆಮೇಲೆ ಕರಡಿ ಡಬ್ಬಿಗಳು. ಗಟ್ಟಿ ಪ್ಲಾಸ್ಟಿಕ್ಕಿನ ಡ್ರಮ್ಮಿನಂಥವು. ತಿನ್ನುವ ಪದಾರ್ಥ ಅಷ್ಟೇ ಅಲ್ಲ, ಹಲ್ಲಿನ ಪೇಸ್ಟು, ಸೋಪು, ವಾಸನೆ ಬರುವ ಎಲ್ಲವೂ ಅದರೊಳಗೇ ಹೋಗಬೇಕು. ರಾತ್ರಿ ಟೆಂಟಿನಿಂದ ನೂರು ಹೆಜ್ಜೆಗಿಂತ ದೂರ ಇಡಬೇಕು. ಅಡುಗೆಯೂ ಅಲ್ಲೇ ದೂರದಲ್ಲಿ. ಅಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆಯುವುದನ್ನು ನಾಲ್ಕೈದು ಸಲ ಅಭ್ಯಾಸ ಮಾಡಿದ.

ಅಲ್ಲಿ ನಾವು ಒಂದು ಹಳೆಯ ನಕ್ಷೆ ಮೇಜಿನ ಮೇಲೆ ಹರಡಿ ದಾರಿ ನೋಡಿಕೊಂಡೆವು. ನಮ್ಮ ಗೆಳತಿಯದು, ಮಡಿಕೆಗಳಲ್ಲಿ ಸವೆದದ್ದು. ಅದರಲ್ಲಿ ಸ್ಲಿಮ್ಸ್ ನದಿ ಅಗಲವಾಗಿ, ಜಡೆ ಹೆಣೆದ ಹಾಗೆ ನೀಲಿ ಎಳೆಗಳಾಗಿ ಹರಿಯುತ್ತಿತ್ತು. ತೆಂಕಣದಲ್ಲಿ ಕಾಸ್ಕವುಲ್ಶ್ ಹಿಮನದಿಯ ಮೂತಿ, ಅಂದರೆ ಅದು ಮುಗಿಯುವ ತುದಿ. ಅಲ್ಲಿಂದ ಉತ್ತರಕ್ಕೆ 20 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಹರಿದರೆ ಸರೋವರ. ಇಷ್ಟೇ ಇದರ ಉದ್ದ. ನಮ್ಮ ಕಡೆ ಇದನ್ನು ಹಳ್ಳ ಎಂದೇ ಕರೆಯುತ್ತಿದ್ದರೇನೋ. ಆದರೆ ಇದು ಸಣ್ಣದಾದರೂ ಇದು ತರುತ್ತಿದ್ದ ನೀರು ಸಣ್ಣದಲ್ಲ. ಆ ನೀರು ಕ್ಲುವಾನಿ ಸರೋವರ ತುಂಬಿ, ಉತ್ತರದ ತುದಿಯಿಂದ ಕ್ಲುವಾನಿ ನದಿಯಾಗಿ ಹೊರಟು, ಡಾಂಜೆಕ್ ನದಿಗೆ, ಅಲ್ಲಿಂದ ವೈಟ್ ನದಿಗೆ, ಅಲ್ಲಿಂದ ಯುಕಾನ್ ಮಹಾನದಿಗೆ ಸೇರಿ, ಇಡೀ ಅಲಾಸ್ಕಾ ದಾಟಿ ಬೇರಿಂಗ್ ಸಮುದ್ರ ಮುಟ್ಟುತ್ತಿತ್ತು. 2,000 ಕಿಲೋಮೀಟರಿಗೂ ಮೀರಿದ ಪಯಣ.

"ನಮ್ಮ ಗ್ರಾಮ ನಕ್ಷೆ ಹಂಗೇ ಇದೆ ಬಿಡು," ಎಂದ ಅಣ್ಣ. "ನಕ್ಷೇಲಿ ಹಳ್ಳ ಇದೆ. ಹೋಗಿ ನೋಡಿದ್ರೆ ಇಲ್ಲ."

ಮಧ್ಯಾಹ್ನ ದಾಟಿದ ಮೇಲೆ ನಡೆಯಲು ಶುರು ಮಾಡಿದೆವು. ದಾರಿ ಕಣಿವೆಯ ಪಶ್ಚಿಮದ ಬದಿಯಲ್ಲಿ ಹೋಗುತ್ತದೆ. ಮೊದಲ ಕೆಲವು ಕಿಲೋಮೀಟರು ಹಳೆಯ ಗಣಿ ರಸ್ತೆ, ಆರಾಮಾಗಿ ನಡೆಯಬಹುದು. 1903ರ ಸುತ್ತಮುತ್ತ ಈ ಕಡೆ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಜನ ನುಗ್ಗಿದ್ದರು. ಸಾಮಾನು ಹೊರುತ್ತಿದ್ದ ಒಂದು ಕುದುರೆ ಆಗ ಈ ನದಿಯಲ್ಲಿ ಸತ್ತಿತಂತೆ. ಕುದುರೆಯ ಹೆಸರು ಸ್ಲಿಮ್. ಅದರಿಂದ ನದಿಗೆ ಸ್ಲಿಮ್ಸ್ ಎಂಬ ಹೆಸರು ಬಂತು. ಆ ಕಥೆ ಕೇಳಿದಾಗ ನನಗೆ ಕುದುರೆಯ ಬಗ್ಗೆ ಕನಿಕರ ಆಯಿತು. ಆದರೆ ಅದಕ್ಕಿಂತ ಎಷ್ಟೋ ಮೊದಲೇ ಈ ನೀರಿಗೆ ಒಂದು ಹೆಸರಿತ್ತು, ಅಲ್ವಾ? ಈಗ ಉದ್ಯಾನದ ಫಲಕಗಳಲ್ಲಿ ಆ ಮೊದಲಿನ ಹೆಸರನ್ನು ಬರೆಯುತ್ತಾರೆ. ನೋಡಿ ಖುಷಿಯಾಗುತ್ತದೆ. 1940ರ ದಶಕದಲ್ಲಿ ಇಲ್ಲಿ ವನ್ಯಜೀವಿಗಳಿಗೆ ರಕ್ಷಿತ ಪ್ರದೇಶ ಮಾಡಿದಾಗ, ಇಲ್ಲೇ ಹುಟ್ಟಿ ಬೆಳೆದ ಜನರನ್ನೇ ಬೇಟೆಯಿಂದ ಹೊರಗಿಟ್ಟಿದ್ದರು. ದಶಕಗಳ ಮೇಲೆ ಒಪ್ಪಂದಗಳಾಗಿ ಅವರ ಹಕ್ಕು ವಾಪಸ್ ಸಿಕ್ಕಿತು.

ಸಂಜೆ ನಾಲ್ಕೂವರೆಗೆ ಬುಲಿಯನ್ ಎಂಬ ತೊರೆಯ ಹತ್ತಿರ ಬಂದೆವು. ಪಶ್ಚಿಮದ ಬೆಟ್ಟಗಳಿಂದ ಇಳಿದು ಮುಖ್ಯ ಕಣಿವೆಗೆ ಸೇರುವ ತೊರೆ ಇದು. ದೂರದಿಂದಲೇ ಸದ್ದು ಕೇಳಿಸಿತು. ನೀರಿನ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಇತ್ತು. ಟಕ್ ಟಕ್ ಎಂದು ಒಳಗೆ ಕಲ್ಲುಗಳು ಉರುಳುವ ಸದ್ದು. ನೀರು ಕಾಫಿ ಬಣ್ಣದಲ್ಲಿ ಉಕ್ಕುತ್ತಿತ್ತು.

"ಇವತ್ತು ದಾಟುವುದು ಬೇಡ," ಎಂದು ಗೆಳತಿ ನಿರ್ಧಾರ ಹೇಳಿಬಿಟ್ಟಳು. ಹಿಮ ಕರಗುವುದು ಬಿಸಿಲಿಗೆ. ಮಧ್ಯಾಹ್ನ ಕರಗಿದ ನೀರು ಸಂಜೆಗೆ ಕೆಳಗೆ ಬರುತ್ತದೆ. ರಾತ್ರಿ ತಂಪಾದಾಗ ಕರಗುವುದು ನಿಧಾನವಾಗುತ್ತದೆ. ಹಾಗಾಗಿ ಬೆಳಗಿನ ಜಾವ ತೊರೆ ಇಳಿದಿರುತ್ತದೆ. ನಾವು ಈಚೆ ದಡದಲ್ಲೇ ಟೆಂಟ್ ಹಾಕಿದೆವು. ಅಣ್ಣ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಬಂದ. ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು. ಅವನಿಗೆ ನಿದ್ದೆ ಬರಲಿಲ್ಲ. ಎದ್ದು ಎದ್ದು ಹೋಗಿ ಕಡ್ಡಿ ನೋಡುತ್ತಿದ್ದ.

ಬೆಳಿಗ್ಗೆ ಐದಕ್ಕೆ ಆ ಕಡ್ಡಿ ಒಣ ಕಲ್ಲುಗಳ ನಡುವೆ ನಿಂತಿತ್ತು. ನೀರು ಐದಾರು ಅಡಿ ಹಿಂದೆ ಸರಿದಿತ್ತು.

ದಾಟುವುದಕ್ಕೂ ಒಂದು ಕ್ರಮ ಇದೆ. ಬೂಟು ಬಿಚ್ಚಬಾರದು, ಒಳಗಿನ ಕಲ್ಲು ಕಾಲು ಸೀಳುತ್ತದೆ. ಬೆನ್ನಿನ ಚೀಲದ ಸೊಂಟಪಟ್ಟಿ ಬಿಚ್ಚಿಕೊಳ್ಳಬೇಕು, ಬಿದ್ದರೆ ಚೀಲ ಕಳಚಿಕೊಂಡು ಏಳಲು. ನೀರು ಬರುವ ಕಡೆಗೇ ಮುಖ ಮಾಡಿ, ಒಬ್ಬರ ತೋಳು ಒಬ್ಬರು ಹಿಡಿದು, ಅಡ್ಡ ಹೆಜ್ಜೆ ಹಾಕುತ್ತಾ ಹೋಗಬೇಕು. ನೀರು ಮಂಡಿಯವರೆಗೆ ಬಂತು. ಆ ಚಳಿ ಮೂಳೆಯ ಒಳಗೆ ಇಳಿಯುತ್ತದೆ. ಮೂರನೆಯ ಕವಲು ದಾಟುವಾಗ ನನಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಣ್ಣ ನನ್ನ ತೋಳು ಬಿಗಿಯಾಗಿ ಹಿಡಿದಿದ್ದ. ದಡ ಹತ್ತಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಎರಡನೆಯ ದಿನ ಪೂರ್ತಿ ಕಣಿವೆಯ ಉದ್ದಕ್ಕೂ ನಡೆದೆವು. ಕೆಲವು ಕಡೆ ದಾರಿ ಸ್ಪ್ರೂಸ್ ಮರಗಳ ಒಳಗೆ. ಕೆಲವು ಕಡೆ ಪೊದೆಗಳ ನಡುವೆ. ಸೋಪ್‌ಬೆರಿ ಎಂಬ ಕೆಂಪು ಹಣ್ಣು ಆಗತಾನೆ ಮಾಗುತ್ತಿತ್ತು. ಕರಡಿಗಳಿಗೆ ಅದು ಪ್ರಾಣ. ಅಂಥ ಕಡೆ ನಾವು ಸುಮ್ನೆ ನಡೆಯಲಿಲ್ಲ, ಜೋರಾಗಿ ಮಾತಾಡಿದೆವು, ಕೈ ತಟ್ಟಿದೆವು. ಅಣ್ಣ ಊರಿನ ಭಜನೆ ಪದ ಹಾಡಿದ. ಕರಡಿ ಕಾಣಲಿಲ್ಲ. ಅದರ ಹೆಜ್ಜೆ ಕಂಡಿತು, ಒದ್ದೆ ಮಣ್ಣಿನಲ್ಲಿ ಉಗುರಿನ ಗುರುತು ಸಮೇತ.

ಉಳಿದ ಕಡೆ ದಾರಿ ನದಿಯ ಪಾತ್ರಕ್ಕೇ ಇಳಿಯುತ್ತಿತ್ತು. ಈ ಪಾತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಹೊಳೆಗಳಲ್ಲಿ ಇರುವುದು ಮರಳು. ಬೇಸಿಗೆಯಲ್ಲಿ ವೇದಾವತಿ ಒಣಗಿದರೂ ಮರಳಲ್ಲಿ ಒರತೆ ತೋಡಿದರೆ ನೀರು ಬರುತ್ತಿತ್ತು. ಅಮ್ಮ ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದುದು ನನಗೆ ನೆನಪಿದೆ. ಸ್ಲಿಮ್ಸ್‌ನ ಪಾತ್ರದಲ್ಲಿ ಮರಳು ಕಡಿಮೆ. ಇರುವುದು ಕಲ್ಲಿನ ಹಿಟ್ಟು. ಹಿಮನದಿ ಎಂದರೆ ನಿಂತ ಮಂಜುಗಡ್ಡೆ ಅಲ್ಲ. ಅದು ನಿಧಾನವಾಗಿ ಜರುಗುತ್ತಲೇ ಇರುತ್ತದೆ. ಜರುಗುವಾಗ ಕೆಳಗಿನ ಬಂಡೆಯನ್ನು ಬೀಸುಕಲ್ಲಿನ ಹಾಗೆ ಅರೆಯುತ್ತದೆ. ಅರೆದ ಹಿಟ್ಟು ಕರಗಿದ ನೀರಿನ ಜೊತೆ ಕೆಳಗೆ ಬರುತ್ತದೆ. ನೂರಾರು ವರ್ಷ ಈ ನದಿ ಆ ಹಿಟ್ಟನ್ನು ತಂದು ತಂದು ಕಣಿವೆ ತುಂಬ ಹಾಸಿತು. ಸರೋವರದ ಬಾಯಲ್ಲಿ ಅದೇ ಹಿಟ್ಟಿನ ದೊಡ್ಡ ಮುಖಜಭೂಮಿ ಕಟ್ಟಿತು.

ನೀರು ಇದ್ದಾಗ ಈ ಹಿಟ್ಟು ಒದ್ದೆಯಾಗಿ ಕೂತಿರುತ್ತಿತ್ತು. ಈಗ ಒಣಗಿದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತದೆ, ಕೆಳಗೆ ಪುಡಿ. ಕೆಲವು ಕಡೆ ಮಾತ್ರ ಇನ್ನೂ ಒಳಗೆ ಹಸಿ ಇದೆ. ಅಲ್ಲಿ ಕಾಲು ಹೂತುಹೋಗುತ್ತದೆ. ನಮ್ಮನೆಯವರು ಒಮ್ಮೆ ಮಂಡಿವರೆಗೆ ಇಳಿದರು, ಎಳೆದು ತೆಗೆಯಬೇಕಾಯಿತು. ಅಣ್ಣ ಕೂತು ಕೈಯಿಂದ ಒಂದು ಗುಂಡಿ ತೋಡಿದ. ಮೊಳಕೈಯಷ್ಟು ಆಳ ಹೋದ ಮೇಲೆ ಮಣ್ಣು ತಂಪಾಯಿತು, ಮೆತ್ತಗಾಯಿತು. ನೀರು ಮಾತ್ರ ಒಸರಲಿಲ್ಲ. ಹಿಟ್ಟು ಅಷ್ಟು ನುಣುಪು. ನೀರನ್ನು ಹಿಡಿದುಕೊಳ್ಳುತ್ತದೆ, ಬಿಟ್ಟುಕೊಡುವುದಿಲ್ಲ. ಅಣ್ಣ ಗುಂಡಿಯನ್ನು ಮತ್ತೆ ಮುಚ್ಚಿ ಎದ್ದ.

ಮಧ್ಯಾಹ್ನ ಎರಡರ ನಂತರ ಗಾಳಿ ಶುರುವಾಯಿತು. ಮೇಲಿನ ಹಿಮದ ಬಯಲುಗಳಿಂದ ತಣ್ಣನೆಯ ಗಾಳಿ ಈ ಕಣಿವೆಯನ್ನು ಕೊಳವೆ ಮಾಡಿಕೊಂಡು ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಎದುರಿನ ಬೆಟ್ಟ ಕಾಣದ ಹಾಗಾಯಿತು. ಧೂಳು ಗೋಡೆಯ ಹಾಗೆ ಎದ್ದು ಉತ್ತರಕ್ಕೆ ಓಡಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮರಗಳ ಒಳಗೆ ನುಗ್ಗಿ ಕೂತೆವು. ಹಲ್ಲಿನ ನಡುವೆ ಕರಕರ. ಈ ಕಣಿವೆಯಲ್ಲಿ ಧೂಳು ಮೊದಲೂ ಇತ್ತು, ವಸಂತದಲ್ಲಿ ನೀರು ಕಡಿಮೆ ಇದ್ದಾಗ ಏಳುತ್ತಿತ್ತು. ಈಗ ಬೇಸಿಗೆಯಲ್ಲೂ ಏಳುತ್ತದೆ, ಪಾತ್ರ ಮುಚ್ಚಲು ನೀರೇ ಇಲ್ಲವಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ಧೂಳನ್ನೇ ಅಳೆಯಲು ಇಲ್ಲಿಗೆ ಬಂದಿದ್ದಾರೆ.

ಸಂಜೆ ಕೆನಡಾ ತೊರೆಯ ಹತ್ತಿರದ ತಂಗುದಾಣ ಸೇರಿದೆವು. ಶುರುವಿನಿಂದ ಸುಮಾರು 22 ಕಿಲೋಮೀಟರು. ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ತಿಂದೆವು. ಗೆಳತಿ ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಆ ರಾತ್ರಿ ಅವಳು ಹೇಳಿದ ಒಂದು ವಿಷಯ ನನ್ನ ಲೆಕ್ಕಾಚಾರವನ್ನೇ ಬದಲಿಸಿತು. ನಾನು ಈ ನದಿ ಆದಿಯಿಂದಲೂ ಇತ್ತು, ಈಗ ಸತ್ತಿತು ಎಂದುಕೊಂಡಿದ್ದೆ. ಹಾಗಲ್ಲ. ಸುಮಾರು ಮುನ್ನೂರೈವತ್ತು ವರ್ಷದ ಹಿಂದೆ ಈ ಕಣಿವೆಯಲ್ಲಿ ನೀರು ತಿರುಗಾಮುರುಗಾ ಹರಿಯುತ್ತಿತ್ತು. ಕ್ಲುವಾನಿ ಸರೋವರದ ನೀರೇ ದಕ್ಷಿಣಕ್ಕೆ, ಈ ಕಣಿವೆಯ ಮೂಲಕ, ಕಾಸ್ಕವುಲ್ಶ್ ನದಿಗೆ ಇಳಿದು ಪೆಸಿಫಿಕ್ ಸಾಗರ ಸೇರುತ್ತಿತ್ತು. ಆಮೇಲೆ ಚಳಿ ಹೆಚ್ಚಿದ ಶತಮಾನಗಳು ಬಂದವು. ಕಾಸ್ಕವುಲ್ಶ್ ಹಿಮನದಿ ಮುಂದೆ ಮುಂದೆ ಬಂದು, 17ನೇ ಶತಮಾನದ ಕೊನೆಯ ಹೊತ್ತಿಗೆ, ಕಣಿವೆಗೆ ಬಾಗಿಲು ಹಾಕಿತು. ಹೊರಗೆ ಹೋಗಲು ದಾರಿಯಿಲ್ಲದೆ ಸರೋವರ ಏರಿತು. ಇವತ್ತಿನ ಮಟ್ಟಕ್ಕಿಂತ ಸುಮಾರು 12 ಮೀಟರ್ ಮೇಲಕ್ಕೆ ಹೋಯಿತು. ದಡದ ಕಾಡು ಮುಳುಗಿತು. ಕೊನೆಗೆ ಉತ್ತರದ ತುದಿಯಲ್ಲಿ ಕೋಡಿ ಬಿದ್ದು, ಹೊಸ ದಾರಿ ಕೊರೆದುಕೊಂಡು ಹೊರಟಿತು. ಅದೇ ಇವತ್ತಿನ ಕ್ಲುವಾನಿ ನದಿ. ಹಿಮನದಿಯ ನೀರೂ ಸರೋವರದ ಕಡೆಗೆ ಹರಿಯತೊಡಗಿತು. ಉತ್ತರಕ್ಕೆ ಹರಿಯುವ ಸ್ಲಿಮ್ಸ್ ಹುಟ್ಟಿದ್ದು ಆಗ.

ಅಂದರೆ ಈ ನದಿಯ ವಯಸ್ಸು ನಮ್ಮ ಊರಿನ ಎಷ್ಟೋ ಗುಡಿಗಳ ವಯಸ್ಸಿಗಿಂತ ಕಡಿಮೆ. ಹಿಮನದಿ ಮುಂದೆ ಬಂದಾಗ ಹುಟ್ಟಿತು. ಹಿಂದೆ ಸರಿದಾಗ ಹೋಯಿತು.

ಮೂರನೆಯ ದಿನ ನಾಲ್ಕಕ್ಕೇ ಎದ್ದೆವು. ಟೆಂಟು ಅಲ್ಲೇ ಬಿಟ್ಟು, ಕೆನಡಾ ತೊರೆಯ ಕವಲುಗಳನ್ನು ದಾಟಿ, ಅಬ್ಸರ್ವೇಶನ್ ಎಂಬ ಬೆಟ್ಟ ಹತ್ತಬೇಕು. ಅದರ ತುದಿ 2,114 ಮೀಟರ್. ಸರೋವರದ ಮಟ್ಟ 780 ಮೀಟರಿನ ಆಸುಪಾಸು. ಲೆಕ್ಕ ಹಾಕಿಕೊಳ್ಳಿ. ಮೊದಲು ತೊರೆಯ ಕಲ್ಲುಗಳ ಮೇಲೆ, ಆಮೇಲೆ ಕಡಿದಾದ ಜಲ್ಲಿ ಇಳಿಜಾರು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಅದನ್ನು ಜಾಸ್ತಿ ವಿವರಿಸುವುದಿಲ್ಲ. ಹತ್ತಿದವರಿಗೆ ಗೊತ್ತು, ಹತ್ತದವರಿಗೆ ಹೇಳಿ ಪ್ರಯೋಜನವಿಲ್ಲ. ಹನ್ನೊಂದರ ಹೊತ್ತಿಗೆ ಮೇಲಿನ ಹುಲ್ಲುಗಾವಲಿಗೆ ಬಂದು ಅಂಚಿನವರೆಗೆ ನಡೆದೆವು.

ಕೆಳಗೆ ಕಾಸ್ಕವುಲ್ಶ್.

ಎರಡು ದೊಡ್ಡ ಹಿಮನದಿಗಳು ಮೇಲೆ ಸೇರಿ ಒಂದಾಗಿ ಬರುತ್ತವೆ. ನಡುವೆ ಕಪ್ಪು ಗೆರೆಗಳು, ಬೆಟ್ಟಗಳ ಬದಿಯಿಂದ ಕಿತ್ತು ತಂದ ಕಲ್ಲಿನ ಸಾಲುಗಳು. ಹೆದ್ದಾರಿಯ ಗೆರೆಗಳ ಹಾಗೆ ಬಾಗಿ ಬಾಗಿ ಬರುತ್ತವೆ. ಅದರ ಉದ್ದ ಸುಮಾರು 70 ಕಿಲೋಮೀಟರ್. ಹಿಂದೆ ಸೇಂಟ್ ಎಲಿಯಾಸ್ ಪರ್ವತಗಳು. ಕೆನಡಾದ ಅತಿ ಎತ್ತರದ ಲೋಗನ್ ಶಿಖರ ಇರುವುದೂ ಆ ಸಾಲಿನಲ್ಲೇ. ನಾವು ನಾಲ್ಕೂ ಜನ ಮಾತಾಡಲಿಲ್ಲ. ಅಣ್ಣ ಚಪ್ಪಲಿ ಬಿಡುವವನ ಹಾಗೆ ಬೂಟು ಕಳಚಿ ಪಕ್ಕಕ್ಕಿಟ್ಟು ಹುಲ್ಲಿನ ಮೇಲೆ ಕೂತ.

ನಾವು ನೋಡಬೇಕಾದದ್ದು ಮೂತಿಯ ಕಡೆ. ಅಲ್ಲಿ ಮಂಜು ಬಿಳಿ ಇಲ್ಲ. ಕಲ್ಲು ಮಣ್ಣು ಮುಚ್ಚಿ ಬೂದಿ ಗುಡ್ಡೆಯ ಹಾಗೆ ಇದೆ. ನಡುನಡುವೆ ಹಸಿರು ನೀಲಿ ಕೊಳಗಳು. ಈ ಮೂತಿ ಕೂತಿರುವುದೇ ಎರಡು ಕಣಿವೆಗಳ ನೆತ್ತಿಯ ಮೇಲೆ. ಒಂದು ಉತ್ತರಕ್ಕೆ, ಸ್ಲಿಮ್ಸ್‌ನದು. ಇನ್ನೊಂದು ಪೂರ್ವಕ್ಕೆ, ಕಾಸ್ಕವುಲ್ಶ್ ನದಿಯದು. ಮನೆಯ ಮಾಡಿನ ಮೇಲೆ ಬಿದ್ದ ಮಳೆ ಎರಡೂ ಕಡೆ ಇಳಿಯುತ್ತದಲ್ಲ, ಹಾಗೆ ಹಿಮನದಿಯ ನೀರು ಮೊದಲು ಎರಡೂ ಕಡೆ ಹಂಚಿ ಹೋಗುತ್ತಿತ್ತು. ನೀರನ್ನು ಸ್ಲಿಮ್ಸ್ ಕಡೆ ತಳ್ಳುತ್ತಿದ್ದದ್ದು ನಡುವೆ ಅಡ್ಡ ಕೂತಿದ್ದ ಮಂಜುಗಡ್ಡೆಯೇ.

ಆ ಅಡ್ಡಗಟ್ಟು ತೆಳ್ಳಗಾಗುತ್ತಾ ಬಂತು. 1956ರಿಂದ 2007ರ ನಡುವೆ ಹಿಮನದಿಯ ಮೂತಿ 600ರಿಂದ 700 ಮೀಟರ್ ಹಿಂದೆ ಸರಿದಿದೆ. 2016ರ ಮೇ 26ರಿಂದ 29ರ ನಡುವೆ, ಸ್ಲಿಮ್ಸ್ ಕಡೆಯ ಕೊಳದ ನೀರು ಮಂಜನ್ನು ಕೊರೆದುಕೊಂಡು ಪೂರ್ವದ ಕಡೆಯ ಕೊಳಕ್ಕೆ ನುಗ್ಗಿತು. ಸುಮಾರು 30 ಮೀಟರ್ ಆಳದ ಸೀಳು ಬಿತ್ತು. ಅಲ್ಲಿಗೆ ಮುಗಿಯಿತು. ಪೂರ್ವದ ದಾರಿ ಹೆಚ್ಚು ಇಳಿಜಾರು. ಕಾಸ್ಕವುಲ್ಶ್ ನದಿ ಡೆಜ್‌ಡಿಯಾಶ್ ನದಿಯನ್ನು ಕೂಡಿ ಆಲ್ಸೆಕ್ ಆಗುತ್ತದೆ, ಪರ್ವತಗಳನ್ನು ಸೀಳಿಕೊಂಡು ಕೆಲವೇ ನೂರು ಕಿಲೋಮೀಟರಿನಲ್ಲಿ ಅಲಾಸ್ಕಾ ಕೊಲ್ಲಿ ಮುಟ್ಟುತ್ತದೆ. ಅಷ್ಟು ಹತ್ತಿರದ ದಾರಿ ಸಿಕ್ಕ ಮೇಲೆ ನೀರು ಯಾಕೆ ಸುತ್ತು ಹಾಕುತ್ತದೆ? ಬೇರಿಂಗ್ ಸಮುದ್ರಕ್ಕೆ ಹೋಗುತ್ತಿದ್ದ ನೀರು ಪೆಸಿಫಿಕ್ಕಿಗೆ ಹೋಗತೊಡಗಿತು.

ಆ ಬೇಸಿಗೆಯಲ್ಲಿ ಡೇನಿಯಲ್ ಶುಗರ್ ಮತ್ತು ಅವರ ಜೊತೆಯ ವಿಜ್ಞಾನಿಗಳು ಸ್ಲಿಮ್ಸ್ ನದಿಯನ್ನು ಅಳೆಯಲೆಂದೇ ಬಂದಿದ್ದರು. ಬಂದು ನೋಡಿದರೆ ಅಳೆಯಲು ನದಿ ಇಲ್ಲ. ಏನಾಯಿತೆಂದು ಹುಡುಕಿ, 2017ರಲ್ಲಿ ಪ್ರಕಟಿಸಿದರು. ಒಂದು ನದಿಯ ನೀರನ್ನು ಇನ್ನೊಂದು ನದಿ ಎಳೆದುಕೊಳ್ಳುವುದಕ್ಕೆ ಭೂವಿಜ್ಞಾನದಲ್ಲಿ ನದಿಗಳ್ಳತನ ಎಂಬ ಅರ್ಥದ ಹೆಸರೇ ಇದೆ. ಭೂಮಿಯ ಹಳೆಯ ಚರಿತ್ರೆಯಲ್ಲಿ ಇದರ ಗುರುತುಗಳು ಬೇಕಾದಷ್ಟಿವೆ. ಆದರೆ ಮನುಷ್ಯರ ಕಣ್ಣೆದುರು, ನಾಲ್ಕು ದಿನದಲ್ಲಿ, ಹೀಗೆ ನಡೆದದ್ದು ದಾಖಲಾದದ್ದು ಇದೇ ಮೊದಲು. ಹಿಮನದಿ ಹೀಗೆ ಹಿಂದೆ ಸರಿದದ್ದು ಹವಾಮಾನದ ಸಹಜ ಏರಿಳಿತದಿಂದ ಮಾತ್ರ ಆಗಿರುವ ಸಾಧ್ಯತೆ ಶೇ. 0.5 ಎಂದು ಅವರ ಲೆಕ್ಕ. ಅಂದರೆ ಭೂಮಿ ಬಿಸಿಯಾದದ್ದೇ ಕಾರಣ ಎಂದು ಹೆಚ್ಚುಕಮ್ಮಿ ಖಚಿತವಾಗಿ ಹೇಳುತ್ತಾರೆ. ಕಾರು, ಕಾರ್ಖಾನೆ, ವಿದ್ಯುತ್ ಸ್ಥಾವರ ಯಾವುದೂ ಕಾಣದ ಈ ಬೆಟ್ಟದ ಮೇಲೆ ಕೂತು ಆ ಮಾತು ನೆನೆಸಿಕೊಂಡಾಗ ನನ್ನ ಗಂಟಲು ಕಟ್ಟಿತು.

ಅಣ್ಣ ದೂರದರ್ಶಕ ತೆಗೆದುಕೊಂಡು ಮೂತಿಯನ್ನೇ ಬಹಳ ಹೊತ್ತು ಹುಡುಕಿದ. ಆಮೇಲೆ ಕೈ ಚಾಚಿದ. "ಇಲ್ಲಿ ನೋಡು. ಆ ಬೂದಿ ಗುಡ್ಡೆ ಆಚೆ ಹೊಳೀತಾ ಇದೆಯಲ್ಲ. ನೀರು ಅಲ್ಲಿದೆ ಕಣಮ್ಮ. ತೂಬು ಒಡೆದಂಗಾಗಿದೆ."

ತೂಬು. ನಾನು ಎಷ್ಟು ಓದಿದ್ದರೂ ಇಷ್ಟು ಸರಿಯಾದ ಮಾತು ನನಗೆ ಸಿಕ್ಕಿರಲಿಲ್ಲ. ಕೆರೆಯಿಂದ ಎರಡು ಕಾಲುವೆಗೆ ನೀರು ಬಿಡುವಾಗ ಒಂದು ತೂಬಿನ ಕಲ್ಲು ಕಿತ್ತು ಹೋದರೆ, ಇನ್ನೊಂದು ಕಾಲುವೆಯ ಗದ್ದೆಗಳಿಗೆ ಏನಾಗುತ್ತದೆ ಎಂದು ನೀರು ಹಾಯಿಸಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಇನ್ನೊಂದು ಕಾಲುವೆಯ ಗದ್ದೆ ಎಂದರೆ ಇಲ್ಲಿ ಕ್ಲುವಾನಿ ಸರೋವರ. 2016ರಲ್ಲೇ ಅದರ ಮಟ್ಟ ಒಂದು ಮೀಟರಿಗಿಂತ ಹೆಚ್ಚು ಇಳಿಯಿತು. ದಡದಲ್ಲಿರುವ ಬರ್ವಾಶ್ ಲ್ಯಾಂಡಿಂಗ್, ಡಿಸ್ಟ್ರಕ್ಷನ್ ಬೇ ಎಂಬ ಎರಡು ಸಣ್ಣ ಊರುಗಳಲ್ಲಿ ದೋಣಿ ಇಳಿಸುವ ಕಟ್ಟೆಗಳು ನೀರಿನಿಂದ ದೂರ ಉಳಿದವು. ಆ ಸರೋವರದ ಮೀನು ನಂಬಿಕೊಂಡ ಜನ ಅಲ್ಲಿದ್ದಾರೆ. ಬರ್ವಾಶ್ ಲ್ಯಾಂಡಿಂಗ್ ಕ್ಲುವಾನಿ ಮೂಲನಿವಾಸಿಗಳ ಊರು. ಸುದ್ದಿಯಲ್ಲಿ ಎಲ್ಲರೂ ನದಿ ಮಾಯವಾದದ್ದನ್ನೇ ಬರೆದರು. ದಡದಲ್ಲಿ ಕೂತು ನೀರು ಹಿಂದೆ ಸರಿಯುವುದನ್ನು ನೋಡಿದವರ ಬಗ್ಗೆ ಬರೆದದ್ದು ಕಡಿಮೆ ಅನಿಸುತ್ತದೆ ನನಗೆ.

ಇಳಿಯುವಾಗ ಸಂಜೆಯಾಗಿತ್ತು. ಕೆನಡಾ ತೊರೆ ಉಬ್ಬಿತ್ತು. ಕವಲುಗಳಾಗಿ ಒಡೆದು ಅಗಲವಾದ ಜಾಗ ಹುಡುಕಿ, ಒಂದು ಗಂಟೆ ಮೇಲಕ್ಕೂ ಕೆಳಕ್ಕೂ ಓಡಾಡಿ, ಕೊನೆಗೆ ದಾಟಿದೆವು. ನೀರು ಅಗಲವಾದ ಕಡೆ ಆಳ ಕಡಿಮೆ. ಕಿರಿದಾದ ಕಡೆ ಸುಲಭ ಅನಿಸುತ್ತದೆ, ಅದೇ ಅಪಾಯ.

ನಾಲ್ಕನೆಯ ದಿನ ವಾಪಸ್. ಬೆಳಿಗ್ಗೆ ಬೇಗ ಹೊರಟು, ಬಿಸಿಲೇರುವ ಮೊದಲು ಬುಲಿಯನ್ ದಾಟಿದೆವು. ಈ ಸಲ ನಾನು ಪಾತ್ರವನ್ನು ಬೇರೆ ಥರ ನೋಡಿದೆ. ಪೂರ್ತಿ ಬರಿದಲ್ಲ ಅದು. ಬುಲಿಯನ್, ಶೀಪ್, ಇಂಥ ಪಕ್ಕದ ತೊರೆಗಳ ನೀರು ಈಗಲೂ ಬಂದು ಸೇರುತ್ತದೆ. ಸೇತುವೆಯ ಕೆಳಗೆ ನಾವು ಕಂಡ ಆ ಸಣ್ಣ ಹರಿವು ಈ ತೊರೆಗಳದೇ. ಅಂಚುಗಳಲ್ಲಿ ಗುಲಾಬಿ ಬಣ್ಣದ ಹೂವಿನ ಗಿಡಗಳು, ಎಳೆಯ ವಿಲ್ಲೋ ಪೊದೆಗಳು ಹುಟ್ಟುತ್ತಿದ್ದವು. ಮೊದಲಾಗಿದ್ದರೆ ಪ್ರತಿ ಬೇಸಿಗೆ ಪ್ರವಾಹ ಬಂದು ಇವನ್ನು ಕೊಚ್ಚಿಕೊಂಡು ಹೋಗುತ್ತಿತ್ತು.

ಕೇಂದ್ರಕ್ಕೆ ಬಂದು ಡಬ್ಬಿಗಳನ್ನು ವಾಪಸ್ ಕೊಟ್ಟು, ನಾಲ್ಕು ಹೆಸರಿನ ಮುಂದೆ ಬಂದೆವೆಂದು ಗುರುತು ಹಾಕಿಸಿದೆವು. ಹೊರಗಿನ ಬೆಂಚಿನ ಮೇಲೆ ಅಣ್ಣ ಗೆಳತಿಯ ಆ ನಕ್ಷೆಯನ್ನು ಮತ್ತೆ ಹರಡಿದ. ಅವಳ ಅನುಮತಿ ಕೇಳು ಎಂದು ನನಗೆ ಹೇಳಿದ. ಅವಳು ನಗುತ್ತಾ ತನ್ನ ಪೆನ್ಸಿಲ್ಲನ್ನೇ ಕೊಟ್ಟಳು. ಅಣ್ಣ ಉತ್ತರದ ನೀಲಿ ಎಳೆಗಳನ್ನು ಅಳಿಸಲಿಲ್ಲ, ಅಡ್ಡಗೆರೆಯನ್ನೂ ಹಾಕಲಿಲ್ಲ. ಹಿಮನದಿಯ ಮೂತಿಯಿಂದ ಪೂರ್ವಕ್ಕೆ ಒಂದು ಗೆರೆ ಎಳೆದ. ಅದರ ಪಕ್ಕ ಕನ್ನಡದ ಅಂಕಿಯಲ್ಲಿ ೨೦೧೬ ಎಂದು ಬರೆದ. ಸ್ವಲ್ಪ ಯೋಚಿಸಿ, ಉತ್ತರದ ನೀಲಿ ಎಳೆಗಳ ಪಕ್ಕದಲ್ಲೂ ಬರೆದ: "ಮೊದಲು ಇಲ್ಲಿ."